ಉಸಿರು ಕಲಿತ ಜಾಗ

ಲಿಂಗಂಪಲ್ಲಿಯಿಂದ ಐಟಿ ಕಂಪನಿಯೊಂದಕ್ಕೆ ಹೋಗುತ್ತಿದ್ದ ದಿನಗಳಲ್ಲಿ, ಬೆನ್ನ ಹಿಂದೆ ಎಲ್ಲರೂ ನನ್ನ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಅನ್ನಿಸತೊಡಗಿತು. ಇದಿನ್ನೂ ಕಾಯಿಲೆಯಲ್ಲ, ಹೀಗೇ ಬಿಟ್ಟರೆ ಆದೀತು ಎಂದ ತಾರ್ನಾಕದ ಆಸ್ಪತ್ರೆಯ ಡಾಕ್ಟರು, ನನ್ನಂಥ ಹುಡುಗ ಹುಡುಗಿಯರ ಜೊತೆ ಕೂರಿಸಿ ಉಸಿರನ್ನು ಗಮನಿಸುವುದನ್ನು ಕಲಿಸಿದರು. ಪಿಸುಮಾತು ಕೇಳಿಸಿದರೆ ನಂಬಬೇಡ, ಅದರ ಜೊತೆ ಜಗಳಕ್ಕೂ ಇಳಿಯಬೇಡ, ಬಂದು ಹೋಗಲಿ ಬಿಡು ಎನ್ನುತ್ತಿದ್ದರು. ತಿಂಗಳುಗಳೇ ಹಿಡಿದವು, ಆದರೆ ಪಿಸುಮಾತು ನಿಂತಿತು.

ಅಷ್ಟರಲ್ಲಿ ಅದೇ ವಿದ್ಯೆ ಆಫೀಸಿಗೂ ಬಂತು. ನಮ್ಮ ಕೆಲಸ ಚುರುಕಾಗಲೆಂದು ಕಂಪನಿಯವರು ತರಬೇತುದಾರನೊಬ್ಬನನ್ನು ಕರೆಸಿ, ಮೀಟಿಂಗ್ ರೂಮಿನಲ್ಲಿ ಎಲ್ಲರನ್ನೂ ಕಣ್ಣು ಮುಚ್ಚಿ ಕೂರಿಸಿದರು. ಅದೇ ಉಸಿರಿಗೆ ಇಲ್ಲಿ ಸರ್ಟಿಫಿಕೇಟು ಬೇರೆ! ಉಳಿದವರು ಮಿಸುಕಾಡುತ್ತಿದ್ದರೆ ನಾನು ಕಲ್ಲಿನಂತೆ ಕೂತಿದ್ದೆ. ಎಲ್ಲಿ ಕಲಿತೆ ಎಂದು ತರಬೇತುದಾರ ಮೆಚ್ಚಿ ಕೇಳಿದ. ಆಸ್ಪತ್ರೆಯಲ್ಲಿ ಎಂದೆ, ಯಾಕೆಂದೂ ಹೇಳಿದೆ. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ಕೆಳಗಿಳಿದವು.

"ದವಾಖಾನಿ ಅಂತ ಯಾಕ ಅಂದಿ? ಧ್ಯಾನದ ಕ್ಲಾಸ್ ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?" ಎಂದು ಮನೆಯಲ್ಲಿ ಅವ್ವ ರೇಗಿದಳು.

ಮರುದಿನ ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರಲಿಲ್ಲ. ಬೆನ್ನ ಹಿಂದೆ ಮತ್ತೆ ಪಿಸುಮಾತು ಕೇಳಿಸಿತು. ಡಾಕ್ಟರು ಕಲಿಸಿದಂತೆ, ಇದು ನಿಜವಲ್ಲ ಅಂದುಕೊಂಡು, ನಿಧಾನವಾಗಿ ಉಸಿರೆಳೆದು, ತಿರುಗಿ ನೋಡಿದೆ.

ಎಲ್ಲರೂ ತಟ್ಟನೆ ಸುಮ್ಮನಾದರು.