ಕ್ಲಬ್ಬಿನ ವೀಲ್‌ಚೇರು

ಗಂಡ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ನನಗೆ ಬಂದಷ್ಟು ಉಪದೇಶ ಮದುವೆಯಾಗುವಾಗಲೂ ಬಂದಿರಲಿಲ್ಲ. ಮೈಸೂರಿನಿಂದ ಅಕ್ಕ ದಿನಾ ಫೋನ್ ಮಾಡಿ, "ಧೈರ್ಯ ತಂದ್ಕೋಬೇಕು ಕಣೇ, ಹೀಗೇ ಕೂತ್ರೆ ಹೇಗೆ?" ಅನ್ನುತ್ತಿದ್ದಳು. ಧೈರ್ಯ ಅಂಗಡಿಯಲ್ಲಿ ಸಿಗುವುದಾದರೆ ಎರಡು ಕೆಜಿ ತರುತ್ತಿದ್ದೆ. ಕಲ್ಕತ್ತೆಯಲ್ಲಿ ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಸಹೋದ್ಯೋಗಿಯೊಬ್ಬರು, ಯಾರೋ ಕಷಾಯ ಕುಡಿದು ಇದೇ ರೋಗದಿಂದ ಪಾರಾದ ವಿಡಿಯೊ ಕಳಿಸಿದರು. ನನ್ನವರು ಹೋಗಿ ಆಗಲೇ ಮೂರು ವಾರವಾಗಿತ್ತು! ಕಷಾಯ ಯಾರಿಗೆ ಕುಡಿಸಲಿ ಅಂತ ಕೇಳಬೇಕೆನಿಸಿತು. ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿದೆ.

ತಮ್ಮವರನ್ನು ಕಳೆದುಕೊಂಡವರೆಲ್ಲ ಶನಿವಾರ ಶನಿವಾರ ಸೇರುವ ಬಳಗವೊಂದಕ್ಕೂ ಹೋಗಿಬಂದೆ. ಅಲ್ಲಿ ಎಲ್ಲರೂ ಬಂಗಾಳಿಯಲ್ಲಿ ಹೇಳಿಕೊಂಡು ಅಳುತ್ತಿದ್ದರು. ನನ್ನ ಸರದಿ ಬಂದಾಗ ನನಗೋಸ್ಕರ ಮರ್ಯಾದೆಯಿಂದ ಇಂಗ್ಲಿಷಿಗೆ ತಿರುಗಿದರು. ನಾನು ಇಂಗ್ಲಿಷಿನಲ್ಲಿ ಕ್ಲಾಸು ತೆಗೆದುಕೊಳ್ಳುವವಳು. ರೋಗ ಗೊತ್ತಾದದ್ದು, ಬೆನ್ನುಮೂಳೆಗೆ ಹರಡಿದ್ದು, ಕೊನೆಯ ವಾರ, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಒಂದು ಹನಿ ಕಣ್ಣೀರು ಬರಲಿಲ್ಲ. ಆಮೇಲೆ ಕಣ್ಣು ಮುಚ್ಚಿ ಶಾಂತವಾದ ನದಿಯೊಂದನ್ನು ಊಹಿಸಿಕೊಳ್ಳಿ ಅಂದರು. ನನಗೆ ಕಂಡದ್ದು ಗಾರ್ಡನ್ ರೀಚಿನ ಹಡಗುಕಟ್ಟೆಯ ಹತ್ತಿರದ ಹೂಗ್ಲಿ, ಕ್ರೇನುಗಳ ಕಿರುಗುಟ್ಟುವ ಸದ್ದಿನ ಸಮೇತ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ರೇಗಿಸಿದವರು ನಮ್ಮ ಪಾಡಾದ, ಅಂದರೆ ನಮ್ಮ ಬೀದಿಯವರ, ಕ್ಲಬ್ಬಿನ ಕಾರ್ಯದರ್ಶಿ. ನಿವೃತ್ತರು, ಮಿತಭಾಷಿಯಂತೂ ಅಲ್ಲ. ಲೇಕ್ ಗಾರ್ಡನ್ಸಿನ ನಮ್ಮ ಮನೆಗೆ ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಬರುತ್ತಿದ್ದರು. ಚಹಾ ಕುಡಿಯುತ್ತ ಫುಟ್‌ಬಾಲಿನ ಬಗ್ಗೆ, ಸೆಕೆಯ ಬಗ್ಗೆ, ಮೀನು ಮುಟ್ಟದ ನನಗೆ ಮೀನಿನ ಬಗ್ಗೆ ಹೇಳುತ್ತಿದ್ದರು. ಏಳುವಾಗ ಬಾಲ್ಕನಿಯ ಕಡೆ ಒಮ್ಮೆ ನೋಡಿ, "ಕಿಛು ಲಾಗ್ಬೆ, ಬೌದಿ?" ಅನ್ನುವರು. ಏನಾದರೂ ಬೇಕಾ ಅತ್ತಿಗೆ, ಅಂತ. ನನಗೆ ಬೇಕಾದವರನ್ನು ಇವರು ತಂದುಕೊಡುತ್ತಾರೆಯೇ! "ಏನೂ ಬೇಡ, ದಾದಾ," ಅಂತ ಹಲ್ಲು ಕಚ್ಚಿ ಹೇಳುತ್ತಿದ್ದೆ.

ಬಾಲ್ಕನಿಯಲ್ಲಿ ಇದ್ದದ್ದು ಒಂದು ವೀಲ್‌ಚೇರು. ನಡೆಯಲು ಆಗದೆ ಹೋದಾಗ ನನ್ನವರೇ ಕ್ಲಬ್ಬಿಗೆ ಫೋನ್ ಮಾಡಿ ತರಿಸಿಕೊಂಡಿದ್ದರು. ಅವರಿಗೆ ಬಂಗಾಳಿ ಚೆನ್ನಾಗಿ ಬರುತ್ತಿತ್ತು, ಹೊರಗಿನ ವ್ಯವಹಾರವೆಲ್ಲ ಅವರದೇ. "ಕ್ಲಬ್ಬಿನವ್ರು ಕೊಟ್ಟಾರ ನೋಡ, ಎಷ್ಟ ಚೊಲೋ ಮಂದಿ," ಅಂತ ತಮ್ಮ ಧಾರವಾಡದ ಮಾತಿನಲ್ಲಿ ಹಿಗ್ಗಿದ್ದರು. ಅದರಲ್ಲಿ ಕೂತು ಎದುರಿನ ಸ್ಟೇಷನ್ನಿಗೆ ಬಂದು ಹೋಗುವ ಲೋಕಲ್ ರೈಲುಗಳನ್ನು ನೋಡುತ್ತಿದ್ದರು. ರೈಲು ತಡವಾದರೆ ತಾವೇ ಹತ್ತಬೇಕಾಗಿದ್ದವರ ಹಾಗೆ ಬೈಯುತ್ತಿದ್ದರು. ಅವರು ಹೋದ ಮೇಲೆ ನಾನು ಬೆಳಗಿನ ಕಾಫಿ ಹಿಡಿದುಕೊಂಡು ಅದರಲ್ಲೇ ಕೂರತೊಡಗಿದೆ. ಅವರು ಒರಗಿ ಒರಗಿ ಬಿದ್ದಿದ್ದ ತಗ್ಗು ನನ್ನ ಬೆನ್ನಿಗೆ ಸಿಗುತ್ತಿತ್ತು. ಇಡೀ ಕಲ್ಕತ್ತೆಯಲ್ಲಿ ನನಗೆ ಸಮಾಧಾನ ಕೊಡುತ್ತಿದ್ದದ್ದು ಅದೊಂದೇ.

ಅವರು ಹೋಗಿ ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಬಾಗಿಲ ಬೆಲ್ಲು ಹೊಡೆಯಿತು. ಹಿಂದಿನ ಗಲ್ಲಿಯ ಹೆಂಗಸು, ಎಪ್ಪತ್ತು ದಾಟಿದವರು. ಮುಖ ನೋಡಿ ಗೊತ್ತಿತ್ತು ಅಷ್ಟೆ.

"ಕುರ್ಚಿ ಎಲ್ಲಿ?" ಅಂತ ಹಿಂದಿಯಲ್ಲಿ ಶುರುಮಾಡಿದರು. "ನನ್ನ ಗಂಡನಿಗೂ ಅದೇ ರೋಗ. ನಿನ್ನೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದೆವು, ಟ್ಯಾಕ್ಸಿವರೆಗೂ ನೋವಿಗೆ ಕಿರುಚಿದರು. ಕ್ಲಬ್ಬಿನಲ್ಲಿ ಇರೋದೇ ಒಂದು ವೀಲ್‌ಚೇರು. ನೀನು ಮೂರು ತಿಂಗಳಿಂದ ಇಟ್ಟುಕೊಂಡು ಕೂತಿದ್ದೀಯ!"

"ಅದು ಕ್ಲಬ್ಬಿನವರು ನಮಗೆ ಕೊಟ್ಟಿದ್ದು, ಮಾಶಿಮಾ," ಅಂದೆ. ಚಿಕ್ಕಮ್ಮ ಅನ್ನುವ ಹಾಗೆ ಇಲ್ಲಿ ಹಿರಿಯ ಹೆಂಗಸರನ್ನು ಹೀಗೇ ಕರೆಯುವುದು.

"ಕೊಟ್ಟಿದ್ದು ಅಂದರೆ? ಅದು ಪಾಡಾದ ಕುರ್ಚಿ! ಸಾವಾದ ಮನೆಗೆ ಹೋಗಿ ವಾಪಸ್ ಕೊಡು ಅಂತ ಯಾರೂ ಬಾಯಿಬಿಟ್ಟು ಕೇಳೋದಿಲ್ಲ. ಶ್ರಾದ್ಧ ಮುಗಿದ ಮೇಲೆ ಮನೆಯವರೇ ತಂದು ಬಿಡಬೇಕು. ಇಷ್ಟು ವರ್ಷ ಇಲ್ಲಿದ್ದೀಯ, ಇಷ್ಟೂ ತಿಳಿಯದಾ?"

ಭಾನುವಾರದ ಅಷ್ಟೂ ಚಹಾಗಳ ಅರ್ಥ ಆಗ ಆಯಿತು. ನಾಚಿಕೆಯಾಯಿತು. ನನಗೆ ಗೊತ್ತಿರಲಿಲ್ಲ ಅನ್ನುವುದೂ ಅರ್ಧ ನಿಜ. ಕುರ್ಚಿಯ ಬೆನ್ನಿಗೆ ಬಿಳಿ ಬಣ್ಣದಲ್ಲಿ ಕ್ಲಬ್ಬಿನ ಹೆಸರು ಬರೆದಿತ್ತು. ಬಂಗಾಳಿಯನ್ನು ಅಕ್ಷರ ಕೂಡಿಸಿ ಓದುವಷ್ಟು ನನಗೆ ಬರುತ್ತದೆ. ಅದು ಕಾಣದ ಹಾಗೆ ನನ್ನವರ ಶಾಲು ಹೊದಿಸಿದವಳು ನಾನೇ.

ತಪ್ಪು ನನ್ನದೇ ಆದರೂ ಸಿಟ್ಟು ನೆತ್ತಿಗೇರಿತು. "ತಗೊಂಡು ಹೋಗಿ! ಮೂರು ತಿಂಗಳಿಂದ ಎಲ್ಲರೂ ಸುತ್ತಿ ಬಳಸಿ ಮಾತಾಡಿದ್ದೇ ಆಯಿತು, ಒಬ್ಬರಾದರೂ ನೆಟ್ಟಗೆ ಹೇಳಬಾರದಾ?" ಅಂತ ಕೂಗಿದೆ. ಹಿಂದಿಯಲ್ಲಿ ಶುರುವಾದದ್ದು ಯಾವ ಗಳಿಗೆಯಲ್ಲೋ ಕನ್ನಡವಾಯಿತು. "ಅದನ್ನೂ ಕೊಟ್ಬಿಟ್ರೆ ನಂಗೇನ್ ಉಳೀತು? ಎಲ್ಲಿ ಕೂತ್ಕೊಳ್ಲಿ ನಾನು?" ಅಂತ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಆಕೆ ಸಮಾಧಾನ ಹೇಳಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ತಾವೂ ಬಂಗಾಳಿಯಲ್ಲಿ ಏನೇನೋ ಹೇಳಿಕೊಂಡು ಅತ್ತರು. ನನ್ನ ಮಾತು ಆಕೆಗೆ ತಿಳಿಯಲಿಲ್ಲ, ಆಕೆಯದು ನನಗೆ ಅಷ್ಟಾಗಿ ತಿಳಿಯಲಿಲ್ಲ. ಯಾರೂ ಇಂಗ್ಲಿಷಿಗೆ ತಿರುಗಲಿಲ್ಲ.

ಕೊನೆಗೆ ಮೂಗು ಒರೆಸಿಕೊಂಡು ಶಾಲು ತೆಗೆದೆ. ಇಬ್ಬರೂ ಸೇರಿ ಕುರ್ಚಿಯನ್ನು ಲಿಫ್ಟಿನಲ್ಲಿ ಇಳಿಸಿ ಗಲ್ಲಿಯವರೆಗೆ ತಳ್ಳಿಕೊಂಡು ಹೋದೆವು. ದಾರಿಯುದ್ದಕ್ಕೂ ನನ್ನ ಬಾಯಿಗೆ ಬಿಡುವಿರಲಿಲ್ಲ. ಎಡಗಡೆಯ ಚಕ್ರ ಎಳೆಯುತ್ತದೆ, ಬಲಗೈ ಬಿಗಿ ಹಿಡಿಯಬೇಕು. ಇಳಿಜಾರಿನಲ್ಲಿ ಹಿಂದುಮುಂದಾಗಿ ಇಳಿಸಬೇಕು. ಸೊಂಟದ ಹಿಂದೆ ಟವೆಲನ್ನು ಮೂರು ಮಡಿಕೆ ಮಾಡಿ ಇಡಬೇಕು, ನಾಲ್ಕಾದರೆ ನೋವು. ಆರು ತಿಂಗಳು ಕಲಿತದ್ದು ಇನ್ನು ಯಾರಿಗೂ ಬೇಡ ಅಂದುಕೊಂಡಿದ್ದೆ. ಮಾಶಿಮಾ ನಿಂತು, "ಟವೆಲಿಂದು ಇನ್ನೊಮ್ಮೆ ಹೇಳು," ಅಂದರು.

ಮುಂದಿನ ಭಾನುವಾರ ಕಾರ್ಯದರ್ಶಿಗಳು ಹತ್ತಕ್ಕೇ ಬಂದರು. ಇನ್ನು ಬರಲಾರರು ಅಂದುಕೊಂಡಿದ್ದೆ. ಚಹಾ, ಫುಟ್‌ಬಾಲು, ಮೀನು ಎಲ್ಲ ಆಯಿತು. ಏಳುವಾಗ ಬರಿದಾದ ಬಾಲ್ಕನಿಯ ಕಡೆ ನೋಡಿ ಅದನ್ನೇ ಕೇಳಿದರು, ಏನಾದರೂ ಬೇಕಾ ಅಂತ.

"ಬೇಕು," ಅಂದೆ. "ಎರಡು ಕುರ್ಚಿ ಬೇಕು, ದಾದಾ. ಸಂಜೆ ಒಂದು ಗಳಿಗೆ ಬಿಡುವು ಸಿಕ್ಕಾಗ ಮಾಶಿಮಾ ಬಂದು ಕೂರುತ್ತಾರೆ."

ಮಧ್ಯಾಹ್ನವೇ ಕ್ಲಬ್ಬಿನ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ತಾವೇ ಹೊತ್ತು ತಂದರು. ಬೆನ್ನ ಮೇಲೆ ಅದೇ ಬಿಳಿ ಅಕ್ಷರ.

"ವಾಪಸ್ ಯಾವಾಗ ಕೊಡಬೇಕು? ಈಗಲೇ ಬಾಯಿಬಿಟ್ಟು ಹೇಳಿಬಿಡಿ," ಅಂದೆ.

"ನಿಮಗೆ ಬೇಡ ಅನ್ನಿಸಿದಾಗ, ಬೌದಿ," ಅಂದರು.

ಮತ್ತೆ ಅದೇ ಸುತ್ತಿ ಬಳಸುವ ಮಾತು. ರೇಗಿಹೋಯಿತು. ಒಳಗೆ ಹೋಗಿ ಅವರಿಗೆ ಇನ್ನೊಂದು ಲೋಟ ಚಹಾ ಮಾಡಿದೆ.