ಬರೆಯದೆ ಬಿಟ್ಟ ಬೀಸುವ ಪದ

ಮಕ್ಕಳೇ, ನಿಮ್ಮ ಮುತ್ತಜ್ಜಿಯ ಬೀಸುವ ಪದಗಳು ಅಚ್ಚಾದ ಪುಸ್ತಕವನ್ನು ನೀವು ಬಂದವರಿಗೆಲ್ಲ ತೋರಿಸುತ್ತೀರಿ. ಅದರಲ್ಲಿ ಒಂದು ಪದ ಇಲ್ಲ. ಬಿಟ್ಟವಳು ನಾನು.

ಎಪ್ಪತ್ತರ ದಶಕದ ಕೊನೆ. ಸೂಳೆಕೆರೆ ಪಕ್ಕದ ನಮ್ಮೂರಿಗೂ ಹಿಟ್ಟಿನ ಗಿರಣಿ ಬಂದು, ಬೀಸುವ ಕಲ್ಲು ಮೂಲೆ ಸೇರಿತ್ತು. ಹೊನ್ನಾಳಿ ಕಡೆಯಿಂದ ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರು ಹಳೆಯ ಹಾಡು ಹುಡುಕಿಕೊಂಡು ಬಂದರು.

“ಏನ್ ಮೇಷ್ಟ್ರೇ, ಹಿಟ್ಟು ಬೇಕಾದ್ರೆ ಗಿರಣಿಗೆ ಹೋಗ್ರಿ,” ಎಂದರು ನಮ್ಮತ್ತೆ, ಅಂದರೆ ನಿಮ್ಮ ಮುತ್ತಜ್ಜಿ.

“ಹಿಟ್ಟು ಗಿರಣೀಲಿ ಸಿಗ್ತೈತೆ ಅಜ್ಜಿ. ಪದ ಎಲ್ಲಿ ಸಿಗ್ತೈತೆ?”

ಅತ್ತೆ ನಕ್ಕುಬಿಟ್ಟರು. ಆದರೆ ಗಂಡಸರ ಮುಂದೆ ಹಾಡಲು ಅವರಿಗೆ ನಾಚಿಕೆ. ಕಲ್ಲಿನ ಗೂಟ ಹಿಡಿಯದಿದ್ದರೆ ಪದವೂ ನೆನಪಾಗುತ್ತಿರಲಿಲ್ಲ. ಹಾಗಾಗಿ ಅವರು ಒಳಗೆ ರಾಗಿ ಬೀಸುತ್ತಾ ಹಾಡುವುದು, ಏಳನೇ ಕ್ಲಾಸು ಓದಿದ ನಾನು ಪಕ್ಕದಲ್ಲಿ ಕೂತು ಬರೆದು ಜಗಲಿಯಲ್ಲಿದ್ದ ಮೇಷ್ಟ್ರಿಗೆ ಹಾಳೆ ಕೊಡುವುದು ಎಂದಾಯಿತು. ಕಲ್ಲಿನ ಸದ್ದಿಗೆ ಹೊರಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ.

ಒಂದು ದಿನ ಅತ್ತೆ ಹಿರಿಯ ಮಗಳ ಪದ ಎತ್ತಿದರು. ನಿಮ್ಮಜ್ಜನ ಅಕ್ಕ ಅವಳು. ಗಂಡನ ಮನೆಯ ಬಾವಿಯಲ್ಲಿ ಸತ್ತಿದ್ದಳು. ಕಾಲು ಜಾರಿತು ಎಂದೇ ನಾವೆಲ್ಲ ಹೇಳಿಕೊಂಡು ಬಂದಿದ್ದೆವು. ಜಾರಿದ್ದಲ್ಲ, ಹೊಡೆತ ತಾಳದೆ ಹಾರಿದಳು ಎಂದು ಅತ್ತೆ ಸ್ವತಃ ಕಟ್ಟಿದ ಆ ಪದ ಹೇಳುತ್ತಿತ್ತು. ಆಗ ಚಿಕ್ಕ ನಾದಿನಿಗೆ ಜಗಳೂರಿನ ಗಂಡಿನ ಮಾತು ನಡೆದಿತ್ತು. ಇದು ಅಚ್ಚಾದರೆ ಸಂಬಂಧ ಮುರಿದೀತೆಂದು ಹೆದರಿ, ಪೆನ್ನನ್ನು ಸುಮ್ಮನೆ ಹಾಳೆಯ ಮೇಲೆ ಆಡಿಸಿದೆ. ಅತ್ತೆಗೆ ಓದು ಬಾರದು.

ಪುಸ್ತಕ ಬಂತು. ಅತ್ತೆಗೆ ಪೂರ್ತಿ ಓದಿ ಹೇಳಿದೆ.

“ಮುಗೀತಾ? ನನ್ನ ಮಗಳು ಎಲ್ಲಿ ತಾಯಿ?”

“ಮೇಷ್ಟ್ರು ಬಿಟ್ಟಿರಬೇಕು,” ಎಂದೆ.

ಮೇಷ್ಟ್ರು ಮತ್ತೆ ಬಂದಾಗ ಅತ್ತೆ ಹೊಸ್ತಿಲು ದಾಟಲಿಲ್ಲ. “ಓದಿದೋರಿಗೆ ನಗೋ ಪದ ಬೇಕು, ಅಳೋದು ಬ್ಯಾಡ. ಹೋಗ್ರಿ.”

ಏನೂ ತಿಳಿಯದೆ ಮೇಷ್ಟ್ರು ನನ್ನ ಮುಖ ನೋಡಿದರು. ನಾನು ನೀರಿನ ಚೊಂಬು ಹಿಡಿದು ನಿಂತೇ ಇದ್ದೆ. ನೀರನ್ನೂ ಕುಡಿಯದೆ ಹೋದರು.

ಜಗಳೂರಿನ ಸಂಬಂಧ ಬೇರೇನೋ ಕಾರಣಕ್ಕೆ ಮುರಿಯಿತು. ಅತ್ತೆ ಮತ್ತೆ ಹಾಡಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡರು. ನಿಮ್ಮಜ್ಜ ಇರುವವರೆಗೂ ಅವರಿಗೂ ನಾನು ಹೇಳಲಿಲ್ಲ.

ಯಾರೂ ಇಲ್ಲದಾಗ ಎಷ್ಟೋ ಸಲ ಕಲ್ಲು ತಿರುಗಿಸಿ ನೋಡಿದ್ದೇನೆ. ಅರ್ಥ ಬರುತ್ತದೆ, ಅತ್ತೆಯ ಮಾತು ಬರುವುದಿಲ್ಲ. ನಾನೇ ಕಟ್ಟಿ ಸೇರಿಸಿದರೆ ಅದು ಇನ್ನೊಂದು ಸುಳ್ಳು. ಬಾವಿಗೆ ಹಾರಿದ ಆ ಹುಡುಗಿಯದು ಒಂದು ಫೋಟೋ ಕೂಡ ಈ ಮನೆಯಲ್ಲಿಲ್ಲ.