ಶರಣಪ್ಪನ ಖಡಕ್ ರೊಟ್ಟಿ

ನಂಬಬ್ಯಾಡ್ರಿ ನೋಡೋಣು! ಒಂದು ಖಡಕ್ ರೊಟ್ಟಿ ಮ್ಯಾಲಿನ ಹೊಟ್ಟಿಕಿಚ್ಚಿಗೆ ಎದಿ ಕೊಯ್ಸಿಕೊಂಡಾವ ಇಡೀ ಕಲಬುರಗ್ಯಾಗ ನಾ ಒಬ್ಬನೇ.

ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಕೈದು ವರ್ಷ ಆಗಿತ್ತು. ಸಂಜಿ ಆತಂದ್ರ ನನ್ನ ಕಣ್ಣಿನ ರೆಪ್ಪಿ ಜೋತು ಬೀಳ್ತಿದ್ವು, ಅಗಿಯಾಕ ದವಡಿ ಏಳ್ತಿದ್ದಿಲ್ಲ. ನಮ್ಮ ಗಾಜಿಪುರ ಓಣ್ಯಾಗ ನಾ ಹೆಸರಾದ ಮಷ್ಕಿರಿ ಮನಷ್ಯಾ, ಹಿಂಗಾಗಿ "ಮತ್ತ ನಾಟಕ ಶುರು ಮಾಡ್ದ" ಅಂತ ಓಣಿ ಮಂದಿ ನಗ್ತಿದ್ರು. ಎದಿಯೊಳಗಿನ ಒಂದು ಗ್ರಂಥಿ ತಗದ್ರ ಈ ನರದ ರೋಗ ತಣ್ಣಗಾಗಬಹುದು, ಗ್ಯಾರಂಟಿ ಇಲ್ಲ ಅಂದ್ರು ಹೈದರಾಬಾದಿನ ಡಾಕ್ಟರ್. ನಾ ಒಲ್ಲೆ ಅಂದೆ.

ಅದೇ ರೋಗಕ್ಕ ಅದೇ ಆಪರೇಶನ್ ಮಾಡ್ಸಿಕೊಂಡಿದ್ದ ಕಮಲಾಪುರದ ಶರಣಪ್ಪ ಒಂದಿನ ಸಂಜಿಮುಂದ ಬಸ್ಸಿಳಿದು ನಮ್ಮ ಮನಿಗೆ ಬಂದ. ನನ್ನ ಮುಂದ ಹಾಲಾಗ ನೆನಸಿದ ರೊಟ್ಟಿ ಇತ್ತು. ಅಂವ ಬುತ್ತಿ ಬಿಚ್ಚಿ, ಶೇಂಗಾ ಹಿಂಡಿ ಹಚಗೊಂಡು, ಇಡೀ ಖಡಕ್ ರೊಟ್ಟಿ ಕರುಂ ಕುರುಂ ತಿಂದು ಮುಗಿಸಿದ.

"ಹೊಟ್ಟಿ ಉರೀತದೇನು ದೋಸ್ತಾ?"

"ಉರೀಲಾರದ ಏನ್ ಮಾಡ್ತದಲೇ! ಸಪ್ಪಳರೆ ಕಡಿಮಿ ಮಾಡಿ ಅಗಿಬೇಕಿತ್ತು."

ಹತ್ತು ದಿನದಾಗ ನಾ ಹೈದರಾಬಾದ್ ರೈಲು ಹತ್ತಿದೆ. ರೋಗ ತಣ್ಣಗಾಗಾಕ ಎರಡು ವರ್ಷ ಹಿಡೀತು. ಎದಿ ಮ್ಯಾಲಿನ ಗೆರಿ ಇನ್ನೂ ಅದ.

ಇದ್ರಾಗ ಒಂದೇ ಮಾತು ಕಟ್ಟಿ ಹೇಳಿದ್ದು: ಶರಣಪ್ಪ ಇಡೀ ರೊಟ್ಟಿ ತಿನ್ನಲಿಲ್ಲ. ಅರ್ಧಕ್ಕ ಅವನ ದವಡಿನೂ ಸೋತು, ಉಳದದ್ದು ಧೋತರದಾಗ ಮುಚ್ಚಿಟ್ಟ. ನಾ ನೋಡಿಲ್ಲ ಅಂತ ತಿಳದಿದ್ದ. ನೋಡಿದ್ದೆ. ಹೊಟ್ಟಿಕಿಚ್ಚು ಪಡಾಕ ನನಗ ಅಂವ ತಿಂದ ಅರ್ಧ ರೊಟ್ಟಿನೇ ಸಾಕಾಗಿತ್ತು.